ಪಕ್ಷಾಂತರಕ್ಕೆ ತಡೆಯೇ ಇಲ್ಲದ ಆಲ್ಬರ್ಟಾದಲ್ಲಿ ಪಕ್ಷಾಂತರಿಗಳು ಸೋತಿದ್ದೇಕೆ?

ಪಕ್ಷಾಂತರ ನಿಷೇಧ ಕಾಯ್ದೆಯನ್ನು ಇನ್ನಷ್ಟು ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ನಡೆದದ್ದನ್ನು ಗಮನಿಸಬೇಕು. ಅಲ್ಲಿ ಅಂಥ ಕಾಯ್ದೆಯೇ ಇಲ್ಲ. ವಿರೋಧ ಪಕ್ಷದಿಂದ ಗೆದ್ದ ಶಾಸಕ ಎದ್ದು ಹೋಗಿ ಆಡಳಿತ ಪಕ್ಷದ ಸಾಲಿನಲ್ಲಿ ಕೂರಬಹುದು. ರಾಜೀನಾಮೆ ಬೇಡ, ಉಪಚುನಾವಣೆ ಬೇಡ, ಸ್ಪೀಕರ್ ನೋಟಿಸೂ ಇಲ್ಲ.

1971ರಿಂದ ಅಲ್ಲಿ ಆಳುತ್ತಿದ್ದದ್ದು ಪ್ರೊಗ್ರೆಸಿವ್ ಕನ್ಸರ್ವೇಟಿವ್, ಅಂದರೆ ಪಿಸಿ ಪಕ್ಷ. ಅದರ ಮೇಲೆ ಮುನಿದ ಕಟ್ಟಾ ಬಲಪಂಥೀಯರಿಗೆ ವೈಲ್ಡ್‌ರೋಸ್ ಪಕ್ಷ ನೆಲೆಯಾಯಿತು. 2012ರಲ್ಲಿ 87 ಸ್ಥಾನಗಳ ಪೈಕಿ ಪಿಸಿಗೆ 61, ವೈಲ್ಡ್‌ರೋಸ್‌ಗೆ 17. ವೈಲ್ಡ್‌ರೋಸ್ ಮುಖ್ಯಸ್ಥೆ ಡೇನಿಯಲ್ ಸ್ಮಿತ್ ವಿರೋಧ ಪಕ್ಷದ ನಾಯಕಿಯಾದರು. 2014ರ ಅಕ್ಟೋಬರಿನಲ್ಲಿ ನಾಲ್ಕು ಉಪಚುನಾವಣೆಗಳನ್ನೂ ಪಿಸಿ ಗೆದ್ದಿತು, ವೈಲ್ಡ್‌ರೋಸ್‌ನ ಒಳಗೆ ಧೈರ್ಯ ಕುಸಿಯಿತು. ನವೆಂಬರಿನಲ್ಲಿ ಒಬ್ಬರು ಪಕ್ಷೇತರರಾದರು, ಇಬ್ಬರು ಪಿಸಿ ಸೇರಿದರು. ಉಳಿದ 14 ಮಂದಿಯಲ್ಲಿ 9 ಜನ ಡಿಸೆಂಬರ್ 17ರಂದು ಒಟ್ಟಿಗೆ ಮುಖ್ಯಮಂತ್ರಿ ಜಿಮ್ ಪ್ರೆಂಟಿಸ್ ಕಡೆ ಹೋದರು. ಸ್ವತಃ ಸ್ಮಿತ್ ಅವರೇ ಮುಂದಿದ್ದರು! (ನಮ್ಮ ಪಕ್ಷಾಂತರ ನಿಷೇಧ ಕಾಯ್ದೆ, ಅಂದರೆ ಸಂವಿಧಾನದ ಹತ್ತನೇ ಅನುಸೂಚಿಯ ಲೆಕ್ಕದಲ್ಲಿ, ಅದನ್ನು ವಿಲೀನವೆಂದು ಒಪ್ಪಲು 14ರ ಮೂರನೇ ಎರಡು ಭಾಗ, ಅಂದರೆ 10 ಜನ ಬೇಕು. ಇಲ್ಲಿ ಆಗಿದ್ದರೆ ಒಂದೇ ಒಂದು ತಲೆ ಕಡಿಮೆ ಬಿದ್ದು ಒಂಬತ್ತೂ ಜನ ಅನರ್ಹರಾಗುತ್ತಿದ್ದರು.)

ಮುಂದಿನ ಚುನಾವಣೆ 2015ರ ಮೇ 5ಕ್ಕೆ. ಹೀಗೆ ಪಿಸಿಗೆ ಹೋದ ಒಟ್ಟು ಹನ್ನೊಂದು ಮಂದಿಯಲ್ಲಿ ಒಬ್ಬರೂ ಸದನಕ್ಕೆ ವಾಪಸಾಗಲಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಇದು ಹೇಗಾಯಿತು ಎಂಬುದನ್ನೇ. ಅಲ್ಲಿ ಟಿಕೆಟ್ ಸಾಮಾನ್ಯವಾಗಿ ರಾಜಧಾನಿಯಿಂದ ಬರುವುದಿಲ್ಲ. ಪ್ರತಿ ಕ್ಷೇತ್ರದಲ್ಲೂ ಪಕ್ಷದ ಸ್ಥಳೀಯ ಸಂಘವಿರುತ್ತದೆ. ಆಕಾಂಕ್ಷಿಗಳು ಅರ್ಜಿ ಹಾಕುತ್ತಾರೆ, ನಿಗದಿತ ದಿನದೊಳಗೆ ಸದಸ್ಯತ್ವ ಪಡೆದವರು ಗುರುತಿನ ಚೀಟಿ ತೋರಿಸಿ ಗುಪ್ತ ಮತ ಹಾಕುತ್ತಾರೆ, ಗೆದ್ದವರೇ ಅಭ್ಯರ್ಥಿ. ಹೈವುಡ್ ಕ್ಷೇತ್ರದಲ್ಲಿ 2015ರ ಮಾರ್ಚಿನಲ್ಲಿ ನಡೆದ ಈ ಮತದಾನದಲ್ಲಿ ಸ್ಮಿತ್ ಒಕೊಟೋಕ್ಸ್ ಪಟ್ಟಣದ ಕೌನ್ಸಿಲರ್ ಒಬ್ಬರ ಎದುರು ಸೋತರು. ನಿನ್ನೆಯವರೆಗೆ ತಮ್ಮನ್ನು ಬೈಯುತ್ತಿದ್ದವರನ್ನು ಪಿಸಿಯ ಹಳೇ ಕಾರ್ಯಕರ್ತರು ಯಾಕೆ ಹೊತ್ತು ಮೆರೆಸಬೇಕು? ಕೆಲವರು ಕಣಕ್ಕೇ ಇಳಿಯಲಿಲ್ಲ. ಟಿಕೆಟ್ ದಕ್ಕಿದವರನ್ನು ಮತದಾರರು ಸೋಲಿಸಿದರು. ವೈಲ್ಡ್‌ರೋಸ್ 21 ಸ್ಥಾನಗಳೊಂದಿಗೆ ಮತ್ತೆ ಅಧಿಕೃತ ವಿರೋಧ ಪಕ್ಷವಾಯಿತು, ಪಿಸಿ 10ಕ್ಕೆ ಇಳಿಯಿತು, 54 ಗೆದ್ದ ಎಡಪಂಥೀಯ ನ್ಯೂ ಡೆಮಾಕ್ರಟಿಕ್ ಪಕ್ಷ (ಎನ್‌ಡಿಪಿ) ಪಿಸಿಯ 44 ವರ್ಷಗಳ ಆಳ್ವಿಕೆಯನ್ನು ಮುಗಿಸಿತು.

ಇದರ ಪಕ್ಕದಲ್ಲಿ ನಮ್ಮ ಕರ್ನಾಟಕದ 2019 ಇಟ್ಟು ನೋಡಿ. ಕಾಯ್ದೆ ಇತ್ತು, ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು, ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿ ಕಣಕ್ಕಿಳಿಸಿದ 13 ಅನರ್ಹರಲ್ಲಿ 11 ಜನ ಗೆದ್ದರು. ಬಿ-ಫಾರಂ ಕೊಟ್ಟದ್ದು ಹೈಕಮಾಂಡ್. ಆ ಕ್ಷೇತ್ರಗಳಲ್ಲಿ ವರ್ಷಗಟ್ಟಲೆ ಬಾವುಟ ಕಟ್ಟಿದ ಕಾರ್ಯಕರ್ತನನ್ನು ಯಾರೂ ಕೇಳಲಿಲ್ಲ. ಮೂರೂ ಪಕ್ಷಗಳಲ್ಲಿ ಇದೇ ಪದ್ಧತಿ.

ಆಲ್ಬರ್ಟಾದ ಪದ್ಧತಿಯೂ ದೋಷವಿಲ್ಲದ್ದಲ್ಲ. ಕೊನೆ ದಿನದ ಹೊತ್ತಿಗೆ ಆಕಾಂಕ್ಷಿಗಳು ನೆಂಟರು, ಸಮುದಾಯದವರು ಎಂದು ರಾಶಿ ಸದಸ್ಯತ್ವ ಮಾಡಿಸಿಬಿಡುತ್ತಾರೆ. ಪಕ್ಷದ ಕೆಲಸ ಎಂದೂ ಮಾಡದವರು ಅಭ್ಯರ್ಥಿಯನ್ನು ಆರಿಸುತ್ತಾರೆ. ಸದಸ್ಯರ ಕೈಯಲ್ಲಿರುವ ಕತ್ತಿ ಎರಡೂ ಕಡೆ ಹರಿತ. 2017ರಲ್ಲಿ ಪಿಸಿ, ವೈಲ್ಡ್‌ರೋಸ್ ಎರಡೂ ಪಕ್ಷಗಳ ಸದಸ್ಯರು ಶೇ 95ರಷ್ಟು ಮತಗಳಿಂದ ವಿಲೀನಕ್ಕೆ ಒಪ್ಪಿ ಯುನೈಟೆಡ್ ಕನ್ಸರ್ವೇಟಿವ್ ಪಕ್ಷ ಹುಟ್ಟಿತು. 2019ರಲ್ಲಿ ಆ ಪಕ್ಷಕ್ಕೆ 63 ಸ್ಥಾನ ಗೆದ್ದುಕೊಟ್ಟ ಮುಖ್ಯಮಂತ್ರಿ ಜೇಸನ್ ಕೆನಿ ಅವರಿಗೆ 2022ರ ಮೇ ತಿಂಗಳ ನಾಯಕತ್ವ ಪರಿಶೀಲನೆಯಲ್ಲಿ ಸಿಕ್ಕಿದ್ದು ಶೇ 51.4. ಬಹುಮತವೇನೋ ಬಂತು, ಆದರೆ ಹಾಗೆ ಒಡೆದ ಪಕ್ಷವನ್ನು ನಡೆಸಲಾಗದೆಂದು ಅವರು ಇಳಿದರು. ಅದೇ ಅಕ್ಟೋಬರಿನಲ್ಲಿ ಆರನೇ ಸುತ್ತಿನ ಎಣಿಕೆಯಲ್ಲಿ ಗೆದ್ದು ಮುಖ್ಯಮಂತ್ರಿಯಾದವರು ಅದೇ ಡೇನಿಯಲ್ ಸ್ಮಿತ್. ತಪ್ಪೊಪ್ಪಿ, ಕಾದು, ಸದಸ್ಯರ ಮುಂದೆ ಮತ್ತೆ ನಿಂತು ಗೆದ್ದರು. ಅವರ ನೀತಿಗಳನ್ನು ಒಪ್ಪದಿದ್ದರೂ ಆ ದಾರಿ ನ್ಯಾಯವಾದದ್ದೇ.

ನಮ್ಮಲ್ಲಿ ಇದನ್ನು ತರಲು ಸಂವಿಧಾನ ತಿದ್ದಬೇಕಿಲ್ಲ, ಪಕ್ಷದ ನಿಯಮಾವಳಿ ತಿದ್ದಿದರೆ ಸಾಕು. ಕನಿಷ್ಠ ಒಂದು ವರ್ಷ ಸದಸ್ಯರಾಗಿದ್ದವರಿಗೆ ಮಾತ್ರ ಮತ, ಸದಸ್ಯರ ಪಟ್ಟಿ ಎಲ್ಲ ಆಕಾಂಕ್ಷಿಗಳಿಗೂ ಮೊದಲೇ ಲಭ್ಯ, ತಾಲ್ಲೂಕು ಕೇಂದ್ರದಲ್ಲಿ ಗುಪ್ತ ಮತದಾನ, ಎಣಿಕೆ ಅಲ್ಲೇ. ಮೊದಲು ಗ್ರಾಮ ಪಂಚಾಯಿತಿಗಿಂತ ಮೇಲಿನ ಜಿಲ್ಲಾ ಪಂಚಾಯಿತಿ ಟಿಕೆಟ್‌ಗೆ ಯಾವುದಾದರೂ ಒಂದು ಪಕ್ಷ ಇದನ್ನು ಮಾಡಿ ತೋರಿಸಲಿ.