ನಿಧಿಗಳ್ಳರೂ ಆಸ್ತಿಕರೇ ಸ್ವಾಮಿ

ಮೊನ್ನೆ ಪೇಪರಿನ ಒಳಪುಟದಲ್ಲಿ ಮತ್ತೆ ಅದೇ ಸುದ್ದಿ, ನಿಧಿ ಆಸೆಗೆ ದೇಗುಲ ಅಗೆದ ದುಷ್ಕರ್ಮಿಗಳು. ಊರಿನ ಹೆಸರೊಂದು ಬದಲಾಗಿರತ್ತೆ, ಮಿಕ್ಕಿದ್ದೆಲ್ಲ ಸೇಮ್. ಗುಡ್ಡದ ಮೇಲೊಂದು ಹಾಳು ಗುಡಿ, ಅಮಾವಾಸ್ಯೆ ಆಸುಪಾಸು, ಹೊಟ್ಟೆ ಸೀಳಿದ ನಂದಿ, ಲಿಂಗದ ಬುಡದಲ್ಲಿ ಆಳುದ್ದ ಗುಂಡಿ, ಪಕ್ಕದಲ್ಲಿ ಅರಿಶಿನ ಕುಂಕುಮ ನಿಂಬೆಹಣ್ಣು, ಸ್ಥಳಕ್ಕೆ ಪೊಲೀಸರ ಭೇಟಿ, ಪ್ರಕರಣ ದಾಖಲು. ವರದಿಗಾರರು ಇದನ್ನ ಹೊಸದಾಗಿ ಟೈಪ್ ಮಾಡ್ತಾರೋ ಇಲ್ಲ ಹಳೇದನ್ನೇ ತೆಗೆದು ಊರು ತಾಲೂಕು ಬದಲಾಯಿಸ್ತಾರೋ ಅಂತ ನಂಗೊಂದು ಡೌಟು.

ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದು ಆ ನಿಂಬೆಹಣ್ಣು. ನೀವೇ ಯೋಚನೆ ಮಾಡಿ, ಸರಿರಾತ್ರಿಲಿ ಹಾರೆ ಗುದ್ದಲಿ ಹೊತ್ಕೊಂಡು ಗುಡ್ಡ ಹತ್ತಿದ ಮನುಷ್ಯ, ಯಾರಾದ್ರೂ ನೋಡಿಬಿಡ್ತಾರೇನೋ ಅಂತ ಎದೆ ಢವಢವ ಅಂತಿರೋ ಟೈಮಲ್ಲೂ ಕೆಲಸ ಶುರು ಮಾಡೋಕೆ ಮುಂಚೆ ಚಕ್ಕಳಮಕ್ಕಳ ಹಾಕಿ ಕೂತು ಪೂಜೆ ಮಾಡ್ತಾನೆ. ಅಪ್ಪಾ ಬಸವಣ್ಣ, ನಿನ್ನ ಹೊಟ್ಟೆ ಸೀಳೋ ಕೆಲಸ ನಿರ್ವಿಘ್ನವಾಗಿ ನಡೆಸಿಕೊಡು ತಂದೆ. ಇದಕ್ಕಿಂತ ದೊಡ್ಡ ಭಕ್ತಿ ಬೇಕಾ? ನಾಸ್ತಿಕರ ಕೈಲಿ ಈ ಕೆಲಸ ಆಗಲ್ಲ ರೀ. ಕಲ್ಲೊಳಗೆ ಏನೋ ಇದೆ ಅಂತ ಮೊದಲು ನಂಬಬೇಕಲ್ಲ. ನಾಸ್ತಿಕ ಮನೇಲಿ ಮಲಗಿರ್ತಾನೆ, ಹಾರೆ ಹಿಡಿಯೋನು ಆಸ್ತಿಕನೇ.

ಹಾಗಂತ ಆ ನಂಬಿಕೆ ಪೂರ್ತಿ ಬುಡ ಇಲ್ಲದ್ದೂ ಅಲ್ಲ. ದೇವರ ಪ್ರತಿಷ್ಠೆ ಮಾಡುವಾಗ ಪೀಠದ ಕೆಳಗೆ ಪಂಚಲೋಹದ ಚೂರು, ನವರತ್ನದ ಹರಳು, ಧಾನ್ಯ ಎಲ್ಲ ಇಡೋ ಪದ್ಧತಿ ಇದೆ. ಶಾಸ್ತ್ರಕ್ಕೆ ಇಡೋದು, ಚಿಟಿಕೆಯಷ್ಟು. ಆ ಚಿಟಿಕೆ ಬಾಯಿಂದ ಬಾಯಿಗೆ ಹೋಗ್ತಾ ಹೋಗ್ತಾ ಕೊಪ್ಪರಿಗೆ ಆಗಿ, ಕೊಪ್ಪರಿಗೆಗೆ ಏಳು ಹೆಡೆ ಸರ್ಪ ಕಾವಲು ಬಂದು, ಸರ್ಪಕ್ಕೆ ದಿಗ್ಬಂಧನ ಹಾಕೋಕೆ ಒಬ್ಬ ಮಂತ್ರವಾದಿ ಬಂದು, ಮಂತ್ರವಾದಿಗೆ ಅಡ್ವಾನ್ಸ್ ಕೊಡೋಕೆ ಯಾರೋ ಪಾಪ ಊರಲ್ಲಿರೋ ಅರ್ಧ ಎಕರೆ ಅಡ ಇಡ್ತಾನೆ. ಈ ಇಡೀ ವ್ಯವಹಾರದಲ್ಲಿ ನಿಜವಾಗಲೂ ನಿಧಿ ಸಿಗೋದು ಮಂತ್ರವಾದಿಗೆ ಮಾತ್ರ, ಅದೂ ಅಗೆಯೋಕೆ ಮುಂಚೇನೇ.

ಇವರ ಪೈಕಿ ಮಹಾಮೇಧಾವಿಗಳು ಅಂದ್ರೆ 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನಕ್ಕೆ ನುಗ್ಗಿದವರು. ಕಥೆ ನಿಮಗೆಲ್ಲ ಗೊತ್ತಿರೋದೇ. ತುಂಗಭದ್ರೆ ನಡುವಿನ ನಡುಗಡ್ಡೆ, ಒಂಬತ್ತು ಜನ ಮಾಧ್ವ ಯತಿಗಳ ಬೃಂದಾವನ, ಅದರಲ್ಲಿ ವಿಜಯನಗರದ ರಾಜಗುರು ವ್ಯಾಸರಾಜರದ್ದನ್ನೇ ಹುಡುಕಿ ಒಡೆದು ಕಲ್ಲೆಲ್ಲ ಚೆಲ್ಲಾಡಿ ಹೋಗಿದ್ರು. ಅಲ್ಲಾ, ಸಂನ್ಯಾಸಿ ಸಮಾಧಿಯಲ್ಲಿ ಬಂಗಾರ ಇರತ್ತೆ ಅಂತ ಹೇಳಿದವರು ಯಾರು? ಕೌಪೀನ, ದಂಡ, ಕಮಂಡಲು ಬಿಟ್ರೆ ನನ್ನದು ಅಂತ ಏನೂ ಇಟ್ಕೊಳ್ಳಲ್ಲ ಅಂತ ಬರೆದುಕೊಟ್ಟ ಮನುಷ್ಯನ ಲಾಕರ್ ಒಡೆಯೋದು ಅಂದ್ರೆ! ಬಹುಶಃ ಅವರಿಗೆ ಅರ್ಧ ಕಥೆ ಗೊತ್ತಿತ್ತು ಅನ್ಸತ್ತೆ. ಕೃಷ್ಣದೇವರಾಯನಿಗೆ ಕುಹಯೋಗ ಅನ್ನೋ ಗ್ರಹಗಳ ಕೆಟ್ಟ ಗಳಿಗೆ ಬಂತು, ಅದು ಕಳೆಯೋವರೆಗೆ ವ್ಯಾಸರಾಜರು ಸಿಂಹಾಸನದ ಮೇಲೆ ಕೂತ್ರು, ರಾಜ ಅವರಿಗೆ ರತ್ನಾಭಿಷೇಕ ಮಾಡಿಸಿದ, ಇಲ್ಲಿವರೆಗೆ ಕೇಳಿಸ್ಕೊಂಡು ಎದ್ದು ಹಾರೆ ಹುಡುಕೋಕೆ ಹೋಗಿದ್ದಾರೆ. ಆ ರತ್ನಗಳನ್ನ ಅವರು ಹಂಚಿಬಿಟ್ರು ಅಂತ ಅದೇ ಕಥೆ ಮುಂದುವರಿಯತ್ತೆ ಮಾರಾಯ್ರೇ, ಇನ್ನೈದು ನಿಮಿಷ ಕೂತು ಕೇಳಿದ್ರೆ 1539ರಿಂದ ನೆಟ್ಟಗಿದ್ದ ಕಲ್ಲು ಹಾಗೇ ಇರ್ತಿತ್ತು. ಹರಿಕಥೆಯಿಂದ ಮಧ್ಯದಲ್ಲಿ ಎದ್ದು ಹೋಗಬಾರದು ಅಂತ ಹಿರಿಯರು ಸುಮ್ನೆ ಹೇಳಲ್ಲ.

ಸುದ್ದಿ ಬಂದ ದಿನ ವಾಟ್ಸಾಪಲ್ಲಿ ಏನೇನು ನಡೀತು ಅಂತ ನೆನಪಿದೆಯಾ? ಬೆಳಗ್ಗೆ ಕಾಫಿ ಕುಡಿಯೋದ್ರೊಳಗೆ ಕೆಲವರು ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕಿ ಶಿಕ್ಷೆನೂ ಬರೆದುಬಿಟ್ಟಿದ್ರು. ಯಾವ ಧರ್ಮದವರು, ಯಾವ ಪಾರ್ಟಿಯವರು, ಹಿಂದೆ ಯಾವ ದೇಶದ ಕೈವಾಡ, ಎಲ್ಲ ರೆಡಿ. ಆಮೇಲೆ ಪೊಲೀಸರು ಹಿಡಿದು ತಂದಿದ್ದು ಆಂಧ್ರದ ಕಡೆಯಿಂದ ನಿಧಿ ಹುಡುಕಿ ಬಂದ ಒಂದು ಗ್ಯಾಂಗನ್ನ. ಆಗ ಗ್ರೂಪಲ್ಲಿ ಒಂದು ದೊಡ್ಡ ಮೌನ, ಆಮೇಲೆ ಯಾರೋ ಒಬ್ಬರು ಶುಭೋದಯ ಅಂತ ಗುಲಾಬಿ ಹಾಕಿದ್ರು, ಜೀವನ ಮುಂದುವರಿತು. ಶತ್ರು ಹೊರಗಿನವನಾದ್ರೆ ಕೋಪ ಮಾಡ್ಕೊಳ್ಳೋಕೆ ಎಷ್ಟು ಸುಖ ನೋಡಿ. ನಮ್ಮ ಥರಾನೇ ಕರ್ಪೂರ ಹಚ್ಚೋ ಕಳ್ಳ ಅಂದ ತಕ್ಷಣ ಟಾಪಿಕ್ಕೇ ಬೋರಾಗಿಬಿಡತ್ತೆ.

ಆದರೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಅವತ್ತು ನದಿ ದಾಟಿ ಬಂದ ಜನ ಬರೀ ಫಾರ್ವರ್ಡ್ ಮಾಡ್ಕೊಂಡು ಕೂರಲಿಲ್ಲ. ಬೇರೆ ಬೇರೆ ಮಠದ ಸ್ವಾಮಿಗಳು, ಪಂಚೆ ಮೇಲೆತ್ತಿ ಕಟ್ಟಿದ ನೂರಾರು ಭಕ್ತರು ಸೇರ್ಕೊಂಡು ಬಿದ್ದ ಕಲ್ಲುಗಳನ್ನ ಎತ್ತಿ ಜೋಡಿಸಿ ಒಂದೆರಡು ದಿನದಲ್ಲಿ ಬೃಂದಾವನವನ್ನ ಮತ್ತೆ ನಿಲ್ಲಿಸಿಬಿಟ್ರು. ಟೆಂಡರ್ ಇಲ್ಲ, ಕಮಿಷನ್ ಇಲ್ಲ, ಗುದ್ದಲಿ ಪೂಜೆಗೆ ಶಾಸಕರ ಡೇಟ್ ಸಿಗಲಿ ಅಂತ ಕಾಯೋದಿಲ್ಲ. ಪುರಾತತ್ವದವರ ಲೆಕ್ಕದಲ್ಲಿ ಇದು ತಪ್ಪಿರಬಹುದು, ಒಡೆದ ಒಂದೊಂದು ಕಲ್ಲಿಗೂ ನಂಬರ್ ಹಾಕಬೇಕು, ಫೋಟೋ ತೆಗೀಬೇಕು, ನಕ್ಷೆ ಬರೀಬೇಕು, ಸುಣ್ಣ ಗಾರೆ ಯಾವುದು ಅಂತ ನೋಡಬೇಕು. ಆದರೆ ಗುರುಗಳು ಒಳಗೆ ಇವತ್ತಿಗೂ ಜಪಕ್ಕೆ ಕೂತಿದ್ದಾರೆ ಅಂತ ನಂಬಿದವನಿಗೆ ಹೋಗಿ ಸ್ವಲ್ಪ ತಡೀರಿ ಸಾರ್, ಡಾಕ್ಯುಮೆಂಟೇಶನ್ ನಡೀತಿದೆ ಅಂದ್ರೆ ಕೇಳ್ತಾನಾ? ಅವನಿಗೆ ಅದು ಸ್ಮಾರಕ ಅಲ್ಲ, ಮನೆ ಹಿರಿಯರ ಮೈಮೇಲಿನ ಬಟ್ಟೆ ಎಳೆದುಹಾಕಿದ ಹಾಗೆ. ಮೊದಲು ಹೊದಿಸ್ತಾನೆ, ಆಮೇಲೆ ಮಿಕ್ಕಿದ್ದು. ಅಲ್ಲಿ ನಾನು ನಗಲ್ಲ.

ನಗು ಬರೋದು ಬೇರೆ ಕಡೆ.

ಅದೇ 2019ರ ಫೆಬ್ರವರಿಯಲ್ಲಿ ಹಂಪಿ ವಿಷ್ಣು ದೇವಸ್ಥಾನದ ಕಂಬ ತಳ್ಳಿದ ಹುಡುಗರ ವಿಡಿಯೋ ವೈರಲ್ ಆಗಿತ್ತಲ್ಲ. ಆನೆಲಾಯದ ಹಿಂಭಾಗ, ಕಂಬ ನೂಕೋದು, ಅದು ಧೊಪ್ಪಂತ ಬೀಳೋದು, ಅವರು ಖುಷಿಪಡೋದು. ಇವರಿಗೆ ನಿಧಿನೂ ಬೇಡ, ನಿಂಬೆಹಣ್ಣೂ ಬೇಡ, ಲೈಕ್ ಸಾಕು. ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಬೀಳಿಸಿದ ಕಂಬವನ್ನ ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಒಳ್ಳೆ ತೀರ್ಪೇ. ಆದರೆ ನಮ್ಮ ಹಳೇ ಶಾಸನಗಳಲ್ಲಿ ಇದೇ ಥರದ ಕೆಲಸಕ್ಕೆ ಏನು ರೇಟ್ ಇತ್ತು ಗೊತ್ತಾ? ದಾನ ಕೊಟ್ಟ ಭೂಮಿಯನ್ನ ಕಿತ್ಕೊಂಡವನು 60,000 ವರ್ಷ ಮಲದಲ್ಲಿ ಹುಳವಾಗಿ ಹುಟ್ತಾನೆ ಅಂತ ಕೊನೇ ಸಾಲಲ್ಲಿ ಕೊರೆಸಿರ್ತಾರೆ. ಧರ್ಮ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪ ಬರಲಿ ಅಂತ ಇನ್ನೊಂದು. ಎಂಟುನೂರು ವರ್ಷದ ಹಿಂದಿನವರಿಗೇ ಗೊತ್ತಿತ್ತು ನೋಡಿ, ಮುಂದೆ ಬರೋ ನನ್ನ ಮಕ್ಕಳು ಇದನ್ನ ಸುಮ್ನೆ ಬಿಡಲ್ಲ ಅಂತ. ಮುಂಜಾಗ್ರತೆಯಾಗಿ ಬೈದಿಟ್ಟು ಹೋಗಿದ್ದಾರೆ. ತಾಪತ್ರಯ ಏನಪ್ಪಾ ಅಂದ್ರೆ ಹಳಗನ್ನಡ ಲಿಪಿ ಓದೋರು ಈಗ ಬೆರಳೆಣಿಕೆ, ಮಂತ್ರವಾದಿ ಬಂದು ಇದು ನಿಧಿ ಇರೋ ಜಾಗದ ನಕ್ಷೆ ಅಂತ ಓದಿ ಹೇಳ್ತಾನೆ, ತನಗೇ ಬರೆದಿಟ್ಟ ಬೈಗುಳವನ್ನ ದಾರಿ ಅನ್ಕೊಂಡು ಇವನು ಅಲ್ಲೇ ಅಗೀತಾನೆ.

ಕಾನೂನೂ ಇದೆ, ಇಲ್ಲ ಅಂತಲ್ಲ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕ ಒಡೆದ್ರೆ ಎರಡು ವರ್ಷದವರೆಗೆ ಜೈಲು ಇಲ್ಲಾ ಒಂದು ಲಕ್ಷದವರೆಗೆ ದಂಡ ಇಲ್ಲಾ ಎರಡೂ, ಅದೂ 2010ರಲ್ಲಿ ತಿದ್ದುಪಡಿ ಆದ ಮೇಲೆ. ಆದರೆ ಆ ಪಟ್ಟಿಯಲ್ಲಿರೋದು ಇಡೀ ದೇಶಕ್ಕೆ ಹತ್ತತ್ರ 3,700 ಸ್ಮಾರಕ. ನಮ್ಮೂರ ಕೆರೆ ಏರಿ ಮೇಲಿನ ಗುಡಿ, ಹೊಲದ ಬದುವಿನ ವೀರಗಲ್ಲು, ಮಾಸ್ತಿಕಲ್ಲು ಇವೆಲ್ಲ ಯಾವ ಪಟ್ಟಿಯಲ್ಲೂ ಇಲ್ಲ, ದೇವರೇ ಕಾಯಬೇಕು. ಆ ದೇವರನ್ನೇ ಅಗೆದು ಹಾಕಿದ್ದಾರೆ.

ಇನ್ನು ಹಗಲು ಹೊತ್ತಿನ ಧ್ವಂಸ. ಇದಕ್ಕೆ ಎಫ್‌ಐಆರ್ ಇಲ್ಲ, ಫ್ಲೆಕ್ಸ್ ಇದೆ. ಜೀರ್ಣೋದ್ಧಾರ ಸಮಿತಿ ಅಂತ ಒಂದು ಆಯ್ತು ಅಂದ್ರೆ ಮುಗೀತು. ಗರ್ಭಗುಡಿ ಗೋಡೆಗೆ ಬಾತ್‌ರೂಮ್ ಟೈಲ್ಸ್, ನವರಂಗಕ್ಕೆ ಗ್ರಾನೈಟ್, ಕಂಬಕ್ಕೆ ಇನಾಮೆಲ್ ಪೇಂಟ್, ದ್ವಾರಪಾಲಕರಿಗೆ ಗುಲಾಬಿ ಮೈ ಕಪ್ಪು ಮೀಸೆ, ಮುಂದೆ ಸ್ಟೀಲ್ ರೇಲಿಂಗು ಮೇಲೆ ಶೀಟು. ಒಂದು ವೀರಗಲ್ಲು ನೋಡಿದ್ದೆ, ಊರ ದನ ಉಳಿಸೋಕೆ ಹೋಗಿ ಸತ್ತ ಯಾವನೋ ಪುಣ್ಯಾತ್ಮನದ್ದು. ಮೂರು ಅಂತಸ್ತಿನ ಕಲ್ಲು, ಕೆಳಗೆ ಯುದ್ಧ, ನಡುವೆ ಅಪ್ಸರೆಯರು ಅವನನ್ನ ಕರ್ಕೊಂಡು ಹೋಗ್ತಿರೋದು, ಮೇಲೆ ಕೈಲಾಸ. ಪೂರ್ತಿ ಕಲ್ಲಿಗೆ ಸಿಲ್ವರ್ ಪೇಂಟ್ ಬಳಿದಿದ್ರು, ಕಾಂಪೌಂಡ್ ಗೇಟಿಗೆ ಹೊಡೀತಾರಲ್ಲ ಅದೇ. ವೀರನಿಗೆ ಮೂಗು ಸವೆದುಹೋಗಿತ್ತು, ಆದರೆ ಎರಡು ದೊಡ್ಡ ಬೆಳ್ಳಿ ಕಣ್ಣು ಅಂಟಿಸಿದ್ರು. ಪಾಪ, ನನ್ನನ್ನ ಯಾಕಪ್ಪಾ ಹೀಗೆ ಮಾಡಿದ್ರಿ ಅಂತ ಕಣ್ಣರಳಿಸ್ಕೊಂಡು ನೋಡ್ತಿದ್ದ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಅವನ ಹೆಸರು, ಊರು, ಯಾವ ಅರಸನ ಕಾಲ ಅಂತ ಬರೆದಿರೋ ಅಕ್ಷರಗಳೊಳಗೆ ಪೇಂಟು, ಎಣ್ಣೆ ಜಿಡ್ಡು, ಕುಂಕುಮ ಪದರ ಪದರವಾಗಿ ಕೂತು ಸಿಮೆಂಟಿಗಿಂತ ಗಟ್ಟಿ ಆಗಿತ್ತು. ಪಕ್ಕದಲ್ಲೇ ಅಮೃತಶಿಲೆ ಹಲಗೆ, ಅದರ ಮೇಲೆ ಪೇಂಟ್ ಮಾಡಿಸಿದ ದಾನಿಗಳ ಹೆಸರು, ಅವರಪ್ಪನ ಹೆಸರು, ಎಲ್ಲ ಸ್ಪಷ್ಟವಾಗಿ ಓದಬಹುದಿತ್ತು. ಸತ್ತವನ ಹೆಸರು ಅಳಿಸಿ ಬಣ್ಣ ಹೊಡೆಸಿದವನ ಹೆಸರು ಉಳಿಸಿದ್ದಾರೆ. ಪ್ರಶ್ನೆ ಮಾಡಿ ನೋಡಿ, ನಿಮಗೆ ದೇವರ ಮೇಲೆ ಭಕ್ತಿ ಇಲ್ವಾ ಅಂತ ಹೊಡೆಯೋಕೆ ಬರ್ತಾರೆ.

ಈಗ ಹೇಳಿ, ಹಾರೆ ಹಿಡಿದವನಿಗೂ ಬ್ರಷ್ ಹಿಡಿದವನಿಗೂ ಏನು ವ್ಯತ್ಯಾಸ? ಒಬ್ಬ ರಾತ್ರಿ ಬರ್ತಾನೆ, ಒಬ್ಬ ಹಗಲು ಬಂದು ರಸೀದಿ ಕೊಡ್ತಾನೆ. ಇಬ್ಬರೂ ಶುರು ಮಾಡೋಕೆ ಮುಂಚೆ ಕಾಯಿ ಒಡೀತಾರೆ. ಇಬ್ಬರಿಗೂ ಎದುರಿಗಿರೋ ಕಲ್ಲು ಕಾಣಲ್ಲ, ಅದರೊಳಗಿಂದ ತಮಗೆ ಬರಬೇಕಾದ್ದು ಮಾತ್ರ ಕಾಣತ್ತೆ, ಅದು ಬಂಗಾರನೋ ಪುಣ್ಯನೋ ಅಷ್ಟೇ ಡಿಫರೆನ್ಸು.

ನವಬೃಂದಾವನದ ವಿಷಯ ಪೂರ್ತಿ ಮಾಡಿಬಿಡ್ತೀನಿ. ಅವತ್ತು ಒಟ್ಟಿಗೆ ಕಲ್ಲು ಹೊತ್ತರು, ಕಣ್ಣೀರು ಹಾಕಿದ್ರು, ಎಲ್ಲ ನಿಜ. ಆದರೆ ಅದೇ ನಡುಗಡ್ಡೆಯಲ್ಲಿ ಯತಿಗಳ ಪುಣ್ಯದಿನದ ಆರಾಧನೆ ಮಾಡೋ ಹಕ್ಕು ಯಾರದ್ದು ಅಂತ ಉತ್ತರಾದಿ ಮಠದವರಿಗೂ ಮಂತ್ರಾಲಯದ ರಾಯರ ಮಠದವರಿಗೂ ವರ್ಷಗಟ್ಟಲೆ ಕೋರ್ಟಲ್ಲಿ ಜಗಳ. ಒಡೆಯೋಕೆ ಮುಂಚೆನೂ ಇತ್ತು, ಒಡೆದು ಕಟ್ಟಿದ ಮೇಲೂ ಇತ್ತು. ಆರಾಧನೆ ಮೂರು ದಿನ, ಮಠ ಎರಡು, ಹೈಕೋರ್ಟು ನೋಡಿ ಸಾಕಾಗಿ ಒಂದೂವರೆ ದಿನ ಇವರು ಮಾಡಿ ಒಂದೂವರೆ ದಿನ ಅವರು ಮಾಡಿ ಅಂತ ಪಾಲು ಹಂಚಿದ್ದೂ ಉಂಟು. ಮಧ್ಯಾರಾಧನೆ ದಿನ ಮಧ್ಯಾಹ್ನಕ್ಕೆ ಶಿಫ್ಟ್ ಚೇಂಜು. ಎಲ್ಲವನ್ನೂ ಬಿಟ್ಟು ಬಂದ ಯತಿಗಳ ಸಮಾಧಿ ಪಕ್ಕ ನಿಂತು ಅರ್ಧ ದಿನ ನಮಗೆ ಸೇರಬೇಕು ಅಂತ ಅಫಿಡವಿಟ್ ಹಾಕೋಕೆ ನಿಜಕ್ಕೂ ಧೈರ್ಯ ಬೇಕು.

ಸಾಕಪ್ಪಾ, ತಮಾಷೆ ಮಾಡಿ ಮಾಡಿ ಸುಸ್ತಾಯ್ತು. ವ್ಯಾಸರಾಜರು 732 ಹನುಮಂತನನ್ನ ಪ್ರತಿಷ್ಠೆ ಮಾಡಿದ್ರು ಅಂತ ಉಪನ್ಯಾಸದಲ್ಲಿ ಎದೆ ಉಬ್ಬಿಸಿ ಹೇಳ್ತೀವಿ, ಅವುಗಳಲ್ಲಿ ಎಷ್ಟಕ್ಕೆ ಇವತ್ತು ಬಾಗಿಲಿದೆ, ಎಷ್ಟಕ್ಕೆ ಒಬ್ಬ ಕಾವಲುಗಾರ ಇದ್ದಾನೆ, ಎಷ್ಟು ಟೈಲ್ಸ್ ಹಿಂದೆ ಹೋಗಿವೆ ಅಂತ ಯಾವ ಸಮಿತಿಯಾದ್ರೂ ಹೋಗಿ ನೋಡಿ ಬಂದಿದೆಯಾ? ದಂಡ ಹಾಕೋ ಸರ್ಕಾರಕ್ಕೆ ಕಾವಲಿಗೆ ಜನ ಇಡೋಕೆ ದುಡ್ಡಿರಲ್ಲ, ನಮಗೆ ಕಾಣಿಕೆ ಡಬ್ಬಿಗೆ ಹಾಕೋ ಬೀಗ ಗುಡಿ ಬಾಗಿಲಿಗೆ ಹಾಕೋಕೆ ನೆನಪಾಗಲ್ಲ. ಒಡೆದ ಮೇಲೆ ಮಾತ್ರ ಎಲ್ಲರಿಗೂ ರಕ್ತ ಕುದಿಯತ್ತೆ. ಆರಾಧನೆ ಬಂದ್ರೆ ಆ ನಡುಗಡ್ಡೆಗೆ ಪೊಲೀಸ್ ಬಂದೋಬಸ್ತ್ ಹಾಕ್ತಾರೆ, ಯಾಕೆ ಗೊತ್ತಾ, ಭಕ್ತರ ಕೈಗೆ ಭಕ್ತರು ಸಿಗದೇ ಇರ್ಲಿ ಅಂತ. ಆರಾಧನೆ ಮುಗಿದ ಸಂಜೆ ಅವರೂ ದೋಣಿ ಹತ್ತಿ ಈಚೆಗೆ ಬರ್ತಾರೆ, ಠಾಣೇಲಿ ಬೇರೆ ಕೆಲಸ ಇರತ್ತಲ್ಲ.