ದನ ಕಾಯುವ ಭಯವಿಲ್ಲದ ಹುಡುಗರು

ನಮ್ಮ ಕಡೆ ಮಕ್ಕಳನ್ನು ಓದಿಗೆ ಕೂರಿಸಲು ತಲೆಮಾರುಗಳಿಂದ ಬಳಕೆಯಲ್ಲಿರುವ ಮಾತೊಂದಿದೆ: ‘ಓದದಿದ್ದರೆ ದನ ಕಾಯಲು ಹೋಗಬೇಕಾಗುತ್ತದೆ.’ ದನ ಕಾಯುವುದು ಎಷ್ಟು ತಾಳ್ಮೆಯ, ಎಷ್ಟು ತಿಳಿವಳಿಕೆಯ ಕೆಲಸವೆಂಬುದು ಹೇಳುವವರಿಗೂ ಗೊತ್ತಿರುವುದಿಲ್ಲ, ಕೇಳುವವರಿಗೂ ಗೊತ್ತಿರುವುದಿಲ್ಲ. ಆದರೂ ಮಾತು ನಾಟುತ್ತದೆ. ನನಗೂ ನಾಟಿತ್ತು. 7ನೆಯ ತರಗತಿಯ ಗಣಿತದಲ್ಲಿ ನನಗೆ 33 ಅಂಕ ಬಂದ ದಿನ ನಮ್ಮ ತಂದೆ ಅಂಕಪಟ್ಟಿಗೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ, ಹಿತ್ತಲಿನ ಕೊಟ್ಟಿಗೆಯತ್ತ ಒಮ್ಮೆ ಕಣ್ಣು ಹಾಯಿಸಿದ್ದರು, ಅಷ್ಟೇ. ಮುಂದಿನ ಪರೀಕ್ಷೆಯವರೆಗೆ ಆ ನೋಟವೇ ನನ್ನನ್ನು ಓದಿಸಿತು. ಈ ಆಯುಧವೇ ಕೈಯಲ್ಲಿಲ್ಲದ ಮೇಷ್ಟರು ಲೋಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಯೋಚಿಸಿದಾಗ ನನಗೆ ಹೊಳೆದವರು ಬ್ರಿಟನ್ನಿನ ಯುವರಾಜರಿಗೆ ಪಾಠ ಹೇಳಿದವರು. ಹುಟ್ಟುವ ಮೊದಲೇ ಕೆಲಸ ಗೊತ್ತಾಗಿರುವ, ಆ ಕೆಲಸಕ್ಕೆ ಅರ್ಜಿಯಾಗಲಿ ಸಂದರ್ಶನವಾಗಲಿ ಇಲ್ಲದ, ನಪಾಸಾದರೂ ಸಿಂಹಾಸನ ತಪ್ಪದ ಹುಡುಗನನ್ನು ಏನೆಂದು ಹೆದರಿಸಿ ಪುಸ್ತಕದ ಮುಂದೆ ಕೂರಿಸುವುದು?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವರು ವಿಕ್ಟೋರಿಯಾ ರಾಣಿ ಮತ್ತು ಅವಳ ಗಂಡ ಆಲ್ಬರ್ಟ್. ಅವರ ಹಿರಿಯ ಮಗ, ಮುಂದೆ ಏಳನೆಯ ಎಡ್ವರ್ಡ್ ಎನಿಸಿಕೊಂಡ ಬರ್ಟಿ, ಹುಟ್ಟಿದ್ದು 1841ರ ನವೆಂಬರ್ 9ರಂದು. ಕೂಸು ತೊಟ್ಟಿಲಲ್ಲಿರುವಾಗಲೇ ದಂಪತಿಗಳ ಸಲಹೆಗಾರನಾಗಿದ್ದ, ವೃತ್ತಿಯಿಂದ ವೈದ್ಯನಾಗಿದ್ದ ಜರ್ಮನಿಯ ಬ್ಯಾರನ್ ಸ್ಟಾಕ್‌ಮಾರ್ ಅದರ ವಿದ್ಯಾಭ್ಯಾಸದ ಬಗ್ಗೆ ದೀರ್ಘ ಟಿಪ್ಪಣಿ ಬರೆದುಕೊಟ್ಟ. ಅವರಿಗೂ ಒಂದು ಹೆದರಿಕೆ ಇತ್ತು, ಆದರೆ ಅದು ದನದ್ದಲ್ಲ, ದೊಡ್ಡಪ್ಪಂದಿರದು. ವಿಕ್ಟೋರಿಯಾಳ ದೊಡ್ಡಪ್ಪ ನಾಲ್ಕನೆಯ ಜಾರ್ಜ್ ಸಾಲ, ಕುಡಿತ, ಹೆಂಗಸರ ಸಹವಾಸಗಳಿಂದ ಅರಮನೆಯ ಮಾನವನ್ನು ಬೀದಿಗೆ ತಂದಿದ್ದ. ಅವನ ತಮ್ಮಂದಿರೂ ತಕ್ಕಮಟ್ಟಿಗೆ ಅದೇ ದಾರಿಯವರಾಗಿದ್ದರು. ಬರ್ಟಿಗೆ ಆರು ವರ್ಷವಾಗಿದ್ದಾಗ, 1848ರಲ್ಲಿ, ಯುರೋಪಿನ ಸಿಂಹಾಸನಗಳು ಒಂದರ ಹಿಂದೊಂದು ಅಲುಗಾಡಿ, ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಓಡಿಬಂದು ಇಂಗ್ಲೆಂಡಿನಲ್ಲೇ ಆಶ್ರಯ ಪಡೆದ. ಹುಡುಗನನ್ನು ಸರಿಯಾಗಿ ಓದಿಸದಿದ್ದರೆ ಮುಂದೆ ಯಾರ ಮನೆಯ ಬಾಗಿಲು ತಟ್ಟಬೇಕಾದೀತೋ ಎಂದು ತಂದೆತಾಯಿಗಳಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ತೊಂದರೆ ಏನೆಂದರೆ, ಆ ಭಯ ಇದ್ದದ್ದು ತಂದೆತಾಯಿಗಳಿಗೆ, ಓದಬೇಕಾಗಿದ್ದದ್ದು ಮಗ.

ಭಯದಿಂದ ಹುಟ್ಟಿದ್ದು ಒಂದು ವೇಳಾಪಟ್ಟಿ. ವಾರಕ್ಕೆ ಆರು ದಿನ, ದಿನಕ್ಕೆ ಆರೇಳು ಗಂಟೆ ಪಾಠ: ಲ್ಯಾಟಿನ್, ಜರ್ಮನ್, ಫ್ರೆಂಚ್, ಅಂಕಗಣಿತ, ಬೀಜಗಣಿತ, ಭೂಗೋಳ, ಇತಿಹಾಸ, ರಸಾಯನಶಾಸ್ತ್ರ. ಅದರ ಮೇಲೆ ಕುದುರೆ ಸವಾರಿ ಮತ್ತು ಕವಾಯತು, ಸಂಜೆಯ ಹೊತ್ತಿಗೆ ಹುಡುಗ ದಣಿದು ಹಾಸಿಗೆ ಸೇರಬೇಕೆಂಬ ಉದ್ದೇಶದಿಂದ. ಅವನಿಗಿಂತ ಒಂದು ವರ್ಷ ದೊಡ್ಡವಳಾದ ಅಕ್ಕ ವಿಕಿ ಚುರುಕು ಹುಡುಗಿ. ‘ಅಕ್ಕನನ್ನು ನೋಡಿ ಕಲಿ’ ಎಂಬ ಮಾತು ಬಕಿಂಗ್‌ಹ್ಯಾಮ್ ಅರಮನೆಯ ಗೋಡೆಗಳಿಗೂ ಬಾಯಿಪಾಠವಾಗಿರಬೇಕು. ಹುಡುಗನೋ ಸಿಟ್ಟಿಗೆದ್ದು ಕಾಲಪ್ಪಳಿಸುತ್ತಿದ್ದ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಕೊನೆಗೆ ತಲೆಬುರುಡೆಯ ಉಬ್ಬುತಗ್ಗು ಸವರಿ ಸ್ವಭಾವ ಹೇಳುತ್ತಿದ್ದ ಜಾರ್ಜ್ ಕೂಂಬ್ ಎಂಬುವನನ್ನು ಕರೆಸಿ ಯುವರಾಜನ ತಲೆಯನ್ನು ಪರೀಕ್ಷೆ ಮಾಡಿಸಿದರು. ನಮ್ಮಲ್ಲಿ ಮಗ ಓದದಿದ್ದರೆ ಜಾತಕ ತೆಗೆದುಕೊಂಡು ಜೋಯಿಸರ ಮನೆಗೆ ಹೋಗುವುದನ್ನು ನೋಡಿ ನಗುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ಆ ವೇಳಾಪಟ್ಟಿಯಲ್ಲಿ ಹುಡುಗನಿಗೆ ಸಿಕ್ಕ ಒಂದೇ ಸುಖವೆಂದರೆ ಮೊದಲ ಉಪಾಧ್ಯಾಯ ಹೆನ್ರಿ ಬರ್ಚ್. ಈಟನ್ ಶಾಲೆಯಲ್ಲಿ ಪಾಠ ಹೇಳಿದ್ದ ಈತ 1849ರಲ್ಲಿ ಬಂದಾಗ ಹುಡುಗ ಇವನಿಗೂ ಸಾಕಷ್ಟು ಕಾಟ ಕೊಟ್ಟ. ಆದರೆ ಬರ್ಚ್‌ಗೆ ಸ್ವಲ್ಪ ಕಾಲದಲ್ಲೇ ಒಂದು ವಿಷಯ ತಿಳಿಯಿತು: ಈ ಹುಡುಗನ ಹಟಕ್ಕೆ ಅರ್ಧ ಕಾರಣ ಅವನ ಸುತ್ತ ಬೇರೆ ಹುಡುಗರೇ ಇಲ್ಲದಿರುವುದು. ಈಟನ್‌ನ ಕೆಲವು ಹುಡುಗರನ್ನು ವಿಂಡ್ಸರ್ ಕೋಟೆಗೆ ಆಗಾಗ ಕರೆಸುತ್ತಿದ್ದರು, ನಿಜ. ಆದರೆ ಆಲ್ಬರ್ಟ್ ತಾನೂ ಅಲ್ಲೇ ಇರುತ್ತಿದ್ದನಾದ್ದರಿಂದ ಬಂದವರು ಆಟ ಮರೆತು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. 1852ರ ಆರಂಭದಲ್ಲಿ ಬರ್ಚ್ ಕೆಲಸ ಬಿಡುವುದು ಖಚಿತವಾದಾಗ, ಕಾಲಪ್ಪಳಿಸುತ್ತಿದ್ದ ಅದೇ ಹುಡುಗ ಸಣ್ಣ ಸಣ್ಣ ಚೀಟಿಗಳನ್ನೂ ಉಡುಗೊರೆಗಳನ್ನೂ ಮೇಷ್ಟರ ದಿಂಬಿನ ಮೇಲೆ ಇಟ್ಟು ಬರತೊಡಗಿದ. ಇದನ್ನು ಅರಮನೆಯಲ್ಲಿದ್ದ ಲೇಡಿ ಕ್ಯಾನಿಂಗ್ ಕಂಡು ಬರೆದಿಟ್ಟಿದ್ದಾಳೆ. ಹೊಸದಾಗಿ ಬಂದ ಉಪಾಧ್ಯಾಯ ಫ್ರೆಡರಿಕ್ ಗಿಬ್ಸ್ ಕೂಡ ತನ್ನ ದಿನಚರಿಯಲ್ಲಿ ಒಂದು ಸಂಗತಿ ದಾಖಲಿಸಿದ್ದಾನೆ: ಮೊದಲ ದಿನ ಹೊರಗೆ ಸುತ್ತಾಡಲು ಹೋದಾಗ ಹತ್ತು ವರ್ಷದ ಯುವರಾಜ ಅವನಲ್ಲಿ ಒಂದು ಬಗೆಯ ಕ್ಷಮೆ ಕೇಳಿದನಂತೆ. ನಾವು ಇವತ್ತು ಸ್ವಲ್ಪ ಮಂಕಾಗಿದ್ದರೆ ತಪ್ಪು ತಿಳಿಯಬೇಡಿ, ಬರ್ಚ್ ಅವರು ಹೋಗಿದ್ದಕ್ಕೆ ಬೇಸರವಾಗಿದೆ, ಅದು ಸಹಜವಲ್ಲವೇ ಎಂಬುದು ಅವನ ಮಾತಿನ ತಾತ್ಪರ್ಯ. ಬಂದ ಮೇಷ್ಟರಿಗೆ ನೋವಾಗದಂತೆ ಹೋದ ಮೇಷ್ಟರಿಗಾಗಿ ದುಃಖಪಡುವುದನ್ನು ಆ ವೇಳಾಪಟ್ಟಿಯ ಯಾವ ಗಂಟೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಗಿಬ್ಸ್ ಬಂದ ಮೇಲೆ ಪಟ್ಟಿ ಇನ್ನಷ್ಟು ಬಿಗಿಯಾಯಿತು. ಇದ್ದುದರಲ್ಲಿ ಉಸಿರಾಟಕ್ಕೆ ಅವಕಾಶವಿದ್ದದ್ದು ವೈಟ್ ದ್ವೀಪದ ಆಸ್‌ಬಾರ್ನ್ ಅರಮನೆಯಲ್ಲಿ. ಅಲ್ಲಿ ರಾಣಿಯ ಮಕ್ಕಳಿಗೆ ತಲಾ ಒಂದೊಂದು ತೋಟದ ಮಡಿ, ಅವರವರ ಹೆಸರಿನ ಅಕ್ಷರ ಬರೆದ ಪುಟ್ಟ ಗುದ್ದಲಿ, ಸಲಿಕೆ ಮತ್ತು ಒಂಟಿ ಗಾಲಿಯ ಕೈಗಾಡಿ. ಮಕ್ಕಳು ಬೆಳೆದ ತರಕಾರಿಯನ್ನು ತೋಟಗಾರ ಪರೀಕ್ಷಿಸಿ ಸೈ ಎಂದರೆ ಆಲ್ಬರ್ಟ್ ಪೇಟೆಯ ದರದಲ್ಲಿ ಹಣ ಕೊಟ್ಟು ಕೊಳ್ಳುತ್ತಿದ್ದ. ಆ ಉಪಕರಣಗಳನ್ನು ಇಂದಿಗೂ ಅಲ್ಲಿ ಕಾಪಾಡಿಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ‘ಓದದಿದ್ದರೆ ಮಣ್ಣು ಹೊರಬೇಕಾಗುತ್ತದೆ’ ಎಂಬುದು ಬೆದರಿಕೆ. ಅಲ್ಲಿ ಓದಿದವನಿಗೆ ಮಣ್ಣು ಹೊರುವುದೇ ಬಹುಮಾನ. ಇಡೀ ಯೋಜನೆಯಲ್ಲಿ ಆಲ್ಬರ್ಟ್ ಮಾಡಿದ ಅತ್ಯಂತ ಜಾಣ ಕೆಲಸ ಇದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಬದುಕಿನಲ್ಲಿ ಆ ಹುಡುಗನಿಗೆ ಪಾಸು ನಪಾಸು ನಿಜವಾಗಿ ಇದ್ದದ್ದು ಆ ತರಕಾರಿಯ ಮಡಿಯಲ್ಲಿ ಮಾತ್ರ.

1855ರಲ್ಲಿ ತಂದೆತಾಯಿ ಮತ್ತು ಅಕ್ಕನ ಜೊತೆ ಬರ್ಟಿ ಪ್ಯಾರಿಸ್ಸಿಗೆ ಹೋದ. ಹದಿಮೂರು ವರ್ಷದ ಹುಡುಗ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಪಕ್ಕದಲ್ಲಿ ಗಾಡಿಯಲ್ಲಿ ಕುಳಿತು ಪೇಟೆ ಸುತ್ತುವಾಗ, ನಿಮ್ಮ ಮಗನಾಗಿ ಹುಟ್ಟಬೇಕಾಗಿತ್ತು ಎಂದನಂತೆ. ಹೊರಡುವ ದಿನ ಹತ್ತಿರ ಬಂದಾಗ ಇನ್ನಷ್ಟು ದಿನ ಇರುತ್ತೇವೆಂದು ಸಾಮ್ರಾಜ್ಞಿಯನ್ನು ಕೇಳಿಕೊಂಡ. ನೀವಿಲ್ಲದೆ ನಿಮ್ಮ ತಂದೆತಾಯಿಗಳು ಹೇಗಿರುತ್ತಾರೆ ಎಂದು ಅವಳು ಹೇಳಿದ್ದಕ್ಕೆ, ಮನೆಯಲ್ಲಿ ಇನ್ನೂ ಆರು ಮಂದಿ ಇದ್ದಾರೆ, ನಾವು ಅವರಿಗೆ ಬೇಕಾಗಿಲ್ಲ ಎಂದು ಉತ್ತರಿಸಿದನೆಂದು ಕಥೆ. ಲೆಕ್ಕ ಮಾತ್ರ ಸರಿಯಾಗಿದೆ: ಆ ವರ್ಷ ವಿಕ್ಟೋರಿಯಾಳಿಗೆ ಎಂಟು ಮಕ್ಕಳು, ಇಬ್ಬರು ಪ್ಯಾರಿಸ್ಸಿನಲ್ಲಿದ್ದರು. ಅಂಕಗಣಿತದಲ್ಲಿ ಹಿಂದೆ ಎಂದು ಹುಡುಗನನ್ನು ದೂರಿದವರು ಇದನ್ನು ಗಮನಿಸಿದ ಹಾಗೆ ಕಾಣುವುದಿಲ್ಲ.

ತಂದೆಗೆ ಮಗನ ಶಕ್ತಿ ಕಾಣಲಿಲ್ಲವೆಂದಲ್ಲ. ಮದುವೆಯಾಗಿ ಪ್ರಷ್ಯಕ್ಕೆ ಹೋಗಿದ್ದ ವಿಕಿಗೆ ಬರೆದ ಪತ್ರವೊಂದರಲ್ಲಿ ಬರ್ಟಿಗೆ ಜನರೊಡನೆ ಬೆರೆಯುವ ವಿಶೇಷ ಗುಣವಿದೆ ಎಂದು ಒಪ್ಪಿಕೊಂಡ ಆಲ್ಬರ್ಟ್, ಆದರೆ ಅವನ ಬುದ್ಧಿ ಕಳ್ಳರು ಮುತ್ತಿಕೊಂಡಾಗ ಪೆಟ್ಟಿಗೆಯ ತಳದಲ್ಲಿ ಸಿಕ್ಕಿಕೊಂಡ ಪಿಸ್ತೂಲಿನಷ್ಟೇ ಉಪಯುಕ್ತ ಎಂದೂ ಬರೆದ. ನಂತರ ಬಂದ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಯುವರಾಜ ಕಾಲೇಜಿಗೆ ಸೇರಿದ, ಆದರೆ ಕಾಲೇಜಿನೊಳಗೆ ಉಳಿದುಕೊಳ್ಳಲಿಲ್ಲ. ಎರಡೂ ಕಡೆ ಅವನಿಗೆ ಬೇರೆ ಮನೆ ಮಾಡಿಕೊಟ್ಟರು, ಕೆಟ್ಟ ಸಹವಾಸ ಆಗಬಾರದೆಂದು. ಇವೆರಡಕ್ಕೂ ಮೊದಲು, 1859ರಲ್ಲಿ, ಎಡಿನ್‌ಬರೋದಲ್ಲಿ ಲಯನ್ ಪ್ಲೇಫೇರ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ನಡೆದದ್ದೊಂದಿದೆ. ಕುದಿಯುವ ಸೀಸದ ಕಡಾಯಿಯ ಮುಂದೆ ನಿಂತು, ವಿಜ್ಞಾನದಲ್ಲಿ ನಂಬಿಕೆಯಿದ್ದರೆ ಕೈ ಅದ್ದಿ ತೆಗೆಯಿರಿ ಎಂದ ಪ್ಲೇಫೇರ್. ‘ಹಾಗೆ ಮಾಡೆಂದು ನೀವೇ ಹೇಳುತ್ತಿದ್ದೀರಾ?’ ಎಂದು ಕೇಳಿದ ಯುವರಾಜ. ಹೌದೆಂದ ಮೇಲೆ, ಅಮೋನಿಯಾದಲ್ಲಿ ತೊಳೆದ ಕೈಯನ್ನು ಅದ್ದಿ ಸೀಸವನ್ನು ಮೊಗೆದು ಚೆಲ್ಲಿದ. ಒದ್ದೆ ಚರ್ಮದ ಮೇಲೆ ಎದ್ದ ಆವಿಯ ಪದರ ಕೈಯನ್ನು ಕಾಪಾಡಿತು. ಓದುಗರು ದಯವಿಟ್ಟು ಮನೆಯಲ್ಲಿ ಇದನ್ನು ಪ್ರಯತ್ನಿಸಬಾರದು. ಹದಿನೇಳು ವರ್ಷ ಕಾಲ ಮಾತು ಕೇಳದ ಹುಡುಗನೆಂದು ಹೆಸರಾದವನು, ನಂಬುವ ಮೇಷ್ಟರೊಬ್ಬ ಎದುರಿಗಿದ್ದರೆ ಎಷ್ಟು ದೂರ ಮಾತು ಕೇಳಬಲ್ಲನೆಂಬುದು ಆ ಕಡಾಯಿಯ ಮುಂದೆ ತಿಳಿಯಿತು.

ಇಷ್ಟೆಲ್ಲ ಸಿದ್ಧತೆಯ ನಂತರ ಕೆಲಸಕ್ಕೆ ಸೇರಿದ್ದು ಯಾವಾಗ? 1901ರ ಜನವರಿಯಲ್ಲಿ, 59ನೆಯ ವಯಸ್ಸಿನಲ್ಲಿ. ನಮ್ಮಲ್ಲಿ ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿಕೊಂಡು ಮನೆಗೆ ಬರುವ ವಯಸ್ಸು. ಒಂಬತ್ತು ವರ್ಷ ಆಳಿದ, ಯಾರೂ ಎಣಿಸದಷ್ಟು ಚೆನ್ನಾಗಿ ಆಳಿದ. 1903ರ ಮೇ ತಿಂಗಳಲ್ಲಿ ಪ್ಯಾರಿಸ್ಸಿಗೆ ಹೋದಾಗ ಬೀದಿಯ ಜನ ಮೊದಲು ಮುಖ ತಿರುಗಿಸಿದರು. ಆ ರಾತ್ರಿ ನಾಟಕ ಮಂದಿರದಲ್ಲಿ ತಾನು ಮೊದಲು ಲಂಡನ್ನಿನಲ್ಲಿ ಕಂಡಿದ್ದ ಫ್ರೆಂಚ್ ನಟಿಯೊಬ್ಬಳನ್ನು ಎಲ್ಲರ ಎದುರಿಗೆ ಮೆಚ್ಚಿ ಮಾತನಾಡಿಸಿದ. ಆ ಮಾತು ಊರೆಲ್ಲ ಹರಡಿತು. ಬೀಳ್ಕೊಡುವ ಹೊತ್ತಿಗೆ ಅದೇ ಜನ ಜೈಕಾರ ಹಾಕುತ್ತಿದ್ದರು. ಮರುವರ್ಷ ಎರಡು ದೇಶಗಳ ನಡುವೆ ಒಪ್ಪಂದವಾಯಿತು. ಆ ದಿನ ಕೆಲಸಕ್ಕೆ ಬಂದದ್ದು ಅವನ ಬೆರೆಯುವ ಗುಣ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಮಾತನಾಡಿದ ಫ್ರೆಂಚ್ ಆ ಶಪಿತ ವೇಳಾಪಟ್ಟಿಯದು. ಅದರ ಮಟ್ಟಿಗೆ ಮೇಷ್ಟರುಗಳಿಗೆ ಸಲ್ಲಬೇಕಾದ್ದು ಸಲ್ಲಲಿ.

ತಾನು ಪಟ್ಟ ಪಾಡು ತನ್ನ ಮಕ್ಕಳಿಗೆ ಬೇಡವೆಂದು ಬರ್ಟಿ ಅವರನ್ನು ಸಡಿಲ ಬಿಟ್ಟ. ಅದೂ ಫಲಿಸಲಿಲ್ಲ. ಹಿರಿಯ ಮಗ ಆಲ್ಬರ್ಟ್ ವಿಕ್ಟರ್‌ಗೆ ಪಾಠ ಹೇಳಿದ ಪಾದ್ರಿ ಡಾಲ್ಟನ್, ಹುಡುಗನ ಮನಸ್ಸು ಅಸಹಜವಾದ ನಿದ್ದೆಯಲ್ಲಿದೆ ಎಂದು ಕೈಚೆಲ್ಲಿದ. ತಮ್ಮ ಜಾರ್ಜನ ಜೊತೆ ಮೂರು ವರ್ಷ ಬಕಾಂಟೆ ಎಂಬ ಯುದ್ಧನೌಕೆಯಲ್ಲಿ ಲೋಕ ಸುತ್ತಿಸಿದರೂ ಮನಸ್ಸು ಎಚ್ಚರಗೊಳ್ಳಲಿಲ್ಲ. ಕೇಂಬ್ರಿಜ್‌ನಲ್ಲಿ ಪರೀಕ್ಷೆಗಳಿಂದಲೇ ವಿನಾಯಿತಿ ಕೊಟ್ಟರು. ಈತ ನಮಗೆ ಅಪರಿಚಿತನಲ್ಲ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಇಟ್ಟವನು ಇವನೇ. ಆ ಗಾಜಿನ ಮನೆಗೆ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎನ್ನುತ್ತಾರೆ. ಅದು ಎದ್ದುನಿಂತದ್ದು ಇವನ ಅಜ್ಜ, ವೇಳಾಪಟ್ಟಿಯ ಆಲ್ಬರ್ಟ್, ಮುಂದೆ ನಿಂತು ನಡೆಸಿದ 1851ರ ಮಹಾ ಪ್ರದರ್ಶನಕ್ಕಾಗಿ. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ನಿಂತು ಮೇಲಿನ ಕಬ್ಬಿಣದ ಕಮಾನುಗಳನ್ನು ನೋಡುವಾಗಲೆಲ್ಲ, ಅಜ್ಜನ ಕನಸಿನ ನಕಲಿಗೆ ಕಲ್ಲು ಇಡುತ್ತಿದ್ದೇನೆಂಬುದು ಆ ನಿದ್ದೆಗಣ್ಣಿನ ಮೊಮ್ಮಗನಿಗೆ ಹೊಳೆದಿತ್ತೇ ಎಂದು ನನಗೆ ಕುತೂಹಲ. 1892ರ ಜನವರಿಯಲ್ಲಿ, 28ರ ವಯಸ್ಸಿಗೆ, ಜ್ವರ ನ್ಯುಮೋನಿಯಾಕ್ಕೆ ತಿರುಗಿ ತೀರಿಕೊಂಡ. ಸಿಂಹಾಸನ ತಮ್ಮನಿಗೆ ಹೋಯಿತು.

ಆಮೇಲಿನವರ ಕಥೆಯನ್ನು ಬೇಗ ಮುಗಿಸಬಹುದು. ಎರಡನೆಯ ಎಲಿಜಬೆತ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈಟನ್‌ನ ಹೆನ್ರಿ ಮಾರ್ಟೆನ್ ಅವಳಿಗೆ ಸಂವಿಧಾನದ ಇತಿಹಾಸ ಹೇಳಿಕೊಟ್ಟ. ತಾನು ಕೂರದ ಬೆಂಚಿನ ಮೇಲೆ ಮಗನನ್ನು ಕೂರಿಸಿದವಳೂ ಅವಳೇ. ಚಾರ್ಲ್ಸ್ 1956ರಲ್ಲಿ ಲಂಡನ್ನಿನ ಹಿಲ್ ಹೌಸ್ ಶಾಲೆಗೂ, ಮರುವರ್ಷ ಚೀಮ್ ಎಂಬ ವಸತಿ ಶಾಲೆಗೂ ಸೇರಿದರು. 1958ರ ಜುಲೈನಲ್ಲಿ ಮುಖ್ಯೋಪಾಧ್ಯಾಯರು ಕೆಲವು ಹುಡುಗರ ಜೊತೆ ಅವರನ್ನು ತಮ್ಮ ಕೋಣೆಗೆ ಕರೆಸಿ ಟೀವಿಯ ಮುಂದೆ ಕೂರಿಸಿದರು. ಕಾರ್ಡಿಫ್‌ನ ಕ್ರೀಡಾಕೂಟದ ಕೊನೆಯಲ್ಲಿ ರಾಣಿಯ ಧ್ವನಿ ಕೇಳಿಬಂತು: ಮಗನನ್ನು ಪ್ರಿನ್ಸ್ ಆಫ್ ವೇಲ್ಸ್ ಮಾಡುತ್ತಿದ್ದೇನೆ. ಸುತ್ತಲಿನ ಹುಡುಗರು ಚಪ್ಪಾಳೆ ತಟ್ಟಿದರು, ಒಂಬತ್ತು ವರ್ಷದ ಬಾಲಕ ನಾಚಿಕೆಯಿಂದ ಮುದುಡಿದ. ಬಡ್ತಿಯ ಆದೇಶವನ್ನು ತರಗತಿಯ ಎದುರಿಗೆ, ಟೀವಿಯಲ್ಲಿ ಕೇಳಿಸಿಕೊಳ್ಳುವುದು ಯಾವ ನೌಕರನಿಗೂ ಬೇಡ.

ಮುಂದೆ ಸ್ಕಾಟ್ಲೆಂಡಿನ ಗೋರ್ಡನ್‌ಸ್ಟನ್ ಶಾಲೆಯ ತಣ್ಣೀರು ಸ್ನಾನ, ಆಸ್ಟ್ರೇಲಿಯಾದ ಟಿಂಬರ್‌ಟಾಪ್‌ನ ಕಾಡು, ವೇಲ್ಸಿನ ಅಬೆರಿಸ್ಟ್‌ವಿತ್‌ನಲ್ಲಿ ವೆಲ್ಷ್ ಭಾಷೆ ಕಲಿಯಲು ಒಂದು ಅವಧಿ, 1970ರಲ್ಲಿ ಕೇಂಬ್ರಿಜ್ ಪದವಿ ಎಲ್ಲ ಆಯಿತು. ಪದವಿ ಪಡೆದ ಮೊದಲ ಯುವರಾಜ ಅವರೇ. ಪದವಿ ಕೈಗೆ ಬಂದ ಮೇಲೆ ಕೆಲಸಕ್ಕಾಗಿ ಕಾದದ್ದು 52 ವರ್ಷ. ಆ ಬಿಡುವಿನಲ್ಲಿ ಗ್ಲಾಸ್ಟರ್‌ಶೈರಿನ ತಮ್ಮ ಜಮೀನಿನಲ್ಲಿ ರಾಸಾಯನಿಕವಿಲ್ಲದ ಬೇಸಾಯ ಹಿಡಿದರು, ಬೇಲಿ ಹೆಣೆಯಲು ಕಲಿತರು, ಅಳಿದುಹೋಗುತ್ತಿದ್ದ ನಾಡತಳಿಗಳನ್ನು ಉಳಿಸುವ ಸಂಸ್ಥೆಗೆ ಪೋಷಕರಾದರು, ಕಂದು ಬಿಳುಪಿನ ಏರ್‌ಶೈರ್ ಹಸುಗಳ ಹಿಂಡೊಂದನ್ನು ಕಟ್ಟಿದರು. ಇಷ್ಟೊಂದು ಓದಿದವರು ಕೊನೆಗೆ ದನ ಸಾಕಿದರೆಂಬ ಸಂಗತಿ 7ನೆಯ ತರಗತಿಯಲ್ಲೇ ನನಗೆ ತಿಳಿದಿದ್ದರೆ, ಕೊಟ್ಟಿಗೆಯತ್ತ ಹೊರಳಿದ ನಮ್ಮ ತಂದೆಯ ನೋಟಕ್ಕೆ ನನ್ನಲ್ಲೂ ಒಂದು ಉತ್ತರವಿರುತ್ತಿತ್ತು.