ಗುಡ್ಡದ ಕಾಫಿಗೆ ಒಂದು ತುಂಡು ಬಟ್ಟೆ ಸಾಕು

ಮುಳ್ಳಯ್ಯನಗಿರಿಯ ತಪ್ಪಲಲ್ಲಿ ಎತ್ತ ತಿರುಗಿದರೂ ಕಾಫಿ ತೋಟ. ಬಾಬಾ ಬುಡನ್ ಯೆಮೆನ್‌ನ ಮೋಕಾ ಬಂದರಿನಿಂದ ಏಳು ಬೀಜ ತಂದು ನೆಟ್ಟರು ಅಂತ ಜನ ಹೇಳುವುದು ಇದೇ ಗಿರಿಸಾಲಿನಲ್ಲಿ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯುವುದು ನಮ್ಮ ರಾಜ್ಯದಲ್ಲೇ. ಅಂಥ ಜಾಗದ ಹೋಮ್‌ಸ್ಟೇ ಅಂಗಳದಲ್ಲಿ ಟೆಂಟ್ ಹಾಕಿದವರು ಬೆಳಗ್ಗೆ ಎದ್ದು ಸ್ಯಾಶೆ ಹರಿದು ಇನ್‌ಸ್ಟಂಟ್ ಪುಡಿ ಕದಡಿ ಕುಡಿಯುತ್ತಾರೆ. ಬೇಲಿಯ ಆಚೆ ಅರೇಬಿಕಾ ಹಣ್ಣಾಗಿ ನಿಂತಿರುತ್ತದೆ. ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಯಾಕೆ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, ಬ್ಯಾಗ್ ಭಾರ ಆಗುತ್ತೆ ಅಂತ. ಇದನ್ನು ನಾನು ಒಪ್ಪುವುದಿಲ್ಲ. ಭಾರ ಆಗುವುದು ಸಾಮಾನು, ಕಾಫಿ ಅಲ್ಲ. ಒಬ್ಬರ ಒಂದು ಲೋಟಕ್ಕೆ ಬೇಕಾದ ಪುಡಿ 12ರಿಂದ 14 ಗ್ರಾಂ. ಎರಡು ದಿನಕ್ಕೆ ನಾಲ್ಕು ಲೋಟ ಅಂದರೂ 60 ಗ್ರಾಂ ದಾಟುವುದಿಲ್ಲ. ತೂಕದ ಲೆಕ್ಕ ಹಾಕುವವರು ಪುಡಿಯಲ್ಲಿ ಉಳಿಸಬೇಡಿ, ಪಾತ್ರೆಯಲ್ಲಿ ಉಳಿಸಿ.

ಒಲೆಯ ಮೇಲಿಟ್ಟು ಕಾಫಿ ಇಳಿಸುವ ಲೋಹದ ಪಾತ್ರೆ ಮೋಕಾ ಪಾಟ್, ಅದರ ಕಾಫಿ ನನಗೂ ಇಷ್ಟ. ಆದರೆ ಅಷ್ಟು ಲೋಹವನ್ನು ಗುಡ್ಡ ಹತ್ತಿಸುವ ಅಗತ್ಯವಿಲ್ಲ. 2005ರಲ್ಲಿ ಅಲನ್ ಆಡ್ಲರ್ ಅನ್ನುವ ಅಮೆರಿಕದ ಇಂಜಿನಿಯರ್ ತಂದ, ಕೈಯಲ್ಲಿ ಒತ್ತಿ ಕಾಫಿ ಇಳಿಸುವ ಏರೋಪ್ರೆಸ್ ಹಗುರ, ಒಡೆಯುವುದಿಲ್ಲ, ಕಾಫಿಯೂ ಚೆನ್ನಾಗಿ ಬರುತ್ತದೆ. ಇದ್ದವರು ಖಂಡಿತ ಒಯ್ಯಿರಿ. ಇದಕ್ಕಾಗಿಯೇ ದುಡ್ಡು ಕೊಟ್ಟು ಕೊಳ್ಳಬೇಕೇ ಅಂದರೆ ಬೇಡ ಅನ್ನುತ್ತೇನೆ. ನಮ್ಮ ಸ್ಟೀಲ್ ಫಿಲ್ಟರ್ ಮನೆಗೇ ಸರಿ. ಅದು ನಿಧಾನ. ಬಯಲಿನ ಗಾಳಿಯಲ್ಲಿ ಇಟ್ಟರೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ ತಣ್ಣಗಾಗಿರುತ್ತದೆ.

ಮಲೆನಾಡಿನ, ಕೊಡಗಿನ ಹಳೆ ಮನೆಗಳಲ್ಲಿ ಫಿಲ್ಟರ್ ಇಲ್ಲದೆಯೇ ಒಳ್ಳೆ ಕಾಫಿ ಮಾಡುತ್ತಿದ್ದರು ಅಲ್ವಾ? ನೀರು ಕುದಿಸಿ, ಬೆಲ್ಲ ಹಾಕಿ, ಪುಡಿ ಹಾಕಿ, ಬಟ್ಟೆಯಲ್ಲಿ ಸೋಸುವುದು. ಇಷ್ಟು ಹಗುರವಾದ ಕಾಫಿ ಸಾಮಾನು ಇನ್ನೊಂದಿಲ್ಲ. ಅಂಗೈ ಎರಡರಷ್ಟು ಅಗಲದ ತೆಳು ಹತ್ತಿ ಬಟ್ಟೆ ಮಡಚಿದರೆ ಜೇಬಿನಲ್ಲಿ ಕೂರುತ್ತದೆ. ಹೊಸ ಬಟ್ಟೆಯಾದರೆ ಮೊದಲು ಸ್ವಲ್ಪ ಕಾಫಿ ಪುಡಿ ಹಾಕಿದ ನೀರಿನಲ್ಲಿ ಒಮ್ಮೆ ಕುದಿಸಿ, ಗಂಜಿ ವಾಸನೆ ಹೋಗುತ್ತದೆ. ಸೋಪು ಮಾತ್ರ ಯಾವತ್ತೂ ತಾಗಿಸಬೇಡಿ.

ಪುಡಿಯ ವಿಷಯಕ್ಕೆ ಬರುತ್ತೇನೆ, ರುಚಿ ನಿಂತಿರುವುದೇ ಅದರ ಮೇಲೆ. ಮನೆಯ ಫಿಲ್ಟರ್ ಪುಡಿಯನ್ನೇ ಒಯ್ಯಬೇಡಿ. ಅದು ನುಣ್ಣಗಿರುತ್ತದೆ, ಬಟ್ಟೆಯ ಕಣ್ಣು ಕಟ್ಟಿಕೊಳ್ಳುತ್ತದೆ. ಚಿಕೋರಿಯೂ ಇಲ್ಲಿ ಬೇಡ. ಫಿಲ್ಟರ್‌ನಲ್ಲಿ ಹಾಲಿನ ಕಾಫಿಗೆ ಅದು ಗಟ್ಟಿತನ ಕೊಡುತ್ತದೆ, ಅದರ ಜಾಗದಲ್ಲಿ ಅದಕ್ಕೆ ಬೆಲೆ ಇದೆ. ಆದರೆ ಪುಡಿಯನ್ನು ನೇರ ಬಿಸಿನೀರಿನಲ್ಲಿ ನೆನೆಸಿದಾಗ ಕಾಫಿಗಿಂತ ಮುಂಚೆ ಚಿಕೋರಿಯ ಕಹಿಯೇ ಬಾಯಿಗೆ ಸಿಗುತ್ತದೆ. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಯಾವ ದಾರಿಯಲ್ಲಿ ಹೋದರೂ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ ಸಿಗುತ್ತದೆ. ಚಿಕೋರಿ ಇಲ್ಲದೆ, ಸಣ್ಣ ರವೆಯಷ್ಟು ತರಿಯಾಗಿ ಬೀಸಿಕೊಡಿ ಅಂತ ಕೇಳಿ. 100 ಗ್ರಾಂ ಸಾಕು. ಬೀಸಿದ ಪುಡಿಯ ಘಮ ಕೆಲವೇ ದಿನದಲ್ಲಿ ಇಳಿಯುತ್ತದೆ, ಹಾಗಾಗಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಆ ಪ್ರವಾಸದಲ್ಲೇ ಮುಗಿಸಿಬಿಡಿ.

ಮಾಡುವುದು ಸುಲಭ. ಒಬ್ಬರಿಗೆ 200 ಎಂಎಲ್ ನೀರು. ಬೆಲ್ಲ ಹಾಕಿ ಕುದಿಸಿ. ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಪುಡಿ ಹಾಕಿ, ಒಮ್ಮೆ ಕಲಕಿ ಮುಚ್ಚಿ. ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಸೋಸಿ. ಪುಡಿ ಹಾಕಿದ ಮೇಲೆ ಕುದಿಸಬೇಡಿ, ಘಮವೆಲ್ಲ ಹಬೆಯ ಜೊತೆ ಹೋಗಿ ಕಹಿ ಉಳಿಯುತ್ತದೆ.

ಆ ಅರ್ಧ ನಿಮಿಷ ಬಿಡುವುದು ಊರಿಗೆ ಹೇಳಿದ ಮಾತು. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ನೀರು ಕುದಿಯುವುದು 93-94 ಡಿಗ್ರಿಗೆ. ಕಾಫಿಗೆ ಬೇಕಾದ ಬಿಸಿ ಹೆಚ್ಚುಕಡಿಮೆ ಅಷ್ಟೇ. ಆ ಎತ್ತರದಲ್ಲಿ ಕಾಯುವುದೇ ಬೇಡ, ಕುದಿ ಬಂದ ತಕ್ಷಣ ಪುಡಿ ಹಾಕಿ. ನಮ್ಮ ಗುಡ್ಡಗಳು ಕಾಫಿ ಬೆಳೆಯಲಿಕ್ಕೆ ಮಾತ್ರವಲ್ಲ, ಕಾಫಿ ಮಾಡಲಿಕ್ಕೂ ಹೇಳಿ ಮಾಡಿಸಿದ ಎತ್ತರದಲ್ಲಿವೆ ಅನ್ನುವುದು ನನಗೆ ತುಂಬಾ ಖುಷಿ ಕೊಡುವ ಸಂಗತಿ. ಚಳಿಗಾಲದಲ್ಲಿ ಬೆಂಗಳೂರಿನಿಂದ ತುಂಬಾ ಜನ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುತ್ತಾರಲ್ಲ, ಅದು ಸುಮಾರು 3,800 ಮೀಟರ್. ಆ ಎತ್ತರದಲ್ಲಿ ನೀರು 87 ಡಿಗ್ರಿಗೇ ಕುದಿಯುತ್ತದೆ. ಪುಡಿ ಇನ್ನೂ ಸ್ವಲ್ಪ ನುಣ್ಣಗಿರಲಿ, ಎರಡು ನಿಮಿಷ ಜಾಸ್ತಿ ನೆನೆಯಲಿ. ಗ್ಯಾಸ್ ಕ್ಯಾನಿಸ್ಟರನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಅದರೊಳಗಿನ ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಒಲೆ ಹೊತ್ತುವುದಿಲ್ಲ. ವಿಮಾನದಲ್ಲಾಗಲಿ ರೈಲಿನಲ್ಲಾಗಲಿ ಕ್ಯಾನಿಸ್ಟರ್ ಒಯ್ಯುವಂತಿಲ್ಲ, ಹತ್ತಿರದ ಊರಿನಲ್ಲೇ ಕೊಳ್ಳಬೇಕು.

ಹಾಲು ಬೇಕೇಬೇಕು ಅನ್ನುವವರಿಗೆ ಹಾಲಿನ ಪುಡಿ ಸಾಕು. ಲೋಟದಲ್ಲಿ ಮೊದಲು ಚೂರು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಗಂಟಿಲ್ಲದಂತೆ ಮಾಡಿ, ಆಮೇಲೆ ಅದರ ಮೇಲೆ ಕಾಫಿ ಸೋಸಿ. ಆಗ ಬೆಲ್ಲದ ಬದಲು ಸಕ್ಕರೆ ಹಾಕಿ. ಬೆಲ್ಲದ ಜೊತೆ ಬಿಸಿ ಹಾಲು ಒಡೆಯುವ ಭಯ ಇದ್ದೇ ಇದೆ.

ಚರಟವನ್ನು ಹಳ್ಳಕ್ಕೆ ಚೆಲ್ಲಬೇಡಿ, ಹಾಲು ಬೆರೆತ ಲೋಟವನ್ನು ಹಳ್ಳದಲ್ಲಿ ತೊಳೆಯಬೇಡಿ. ಅದೇ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. ಬಟ್ಟೆಯನ್ನು ಹಿಂಡಿ, ಚರಟವನ್ನು ಕವರಿಗೆ ಹಾಕಿ ಕೆಳಗೆ ತನ್ನಿ.

ಇನ್ನು ಬೆಂಕಿ. ಕಾಡಿನ ಚಾರಣದ ದಾರಿಗಳಲ್ಲಿ ಬೆಂಕಿ ಹಚ್ಚುವಂತಿಲ್ಲ, ಹಚ್ಚಲೂಬಾರದು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಶೋಲಾ ಕಾಡಿನ ಸುತ್ತಲಿನ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಕಿಡಿ ಬಿದ್ದರೆ ಇಡೀ ಗುಡ್ಡ ಹೋಗುತ್ತದೆ. ಸಣ್ಣ ಗ್ಯಾಸ್ ಒಲೆ ತಾನೇ ಅನ್ನುವ ವಾದವನ್ನು ದಯವಿಟ್ಟು ಮಾಡಬೇಡಿ. ಒಲೆ ಹಚ್ಚಲು ಒಪ್ಪಿಗೆ ಇರುವ ಕ್ಯಾಂಪ್‌ಸೈಟ್‌ನಲ್ಲಿ, ಹೋಮ್‌ಸ್ಟೇ ಅಂಗಳದಲ್ಲಿ ಬಿಸಿ ಕಾಫಿ ಮಾಡಿ. ಉಳಿದ ಕಡೆಗೆ ಬೇರೆ ದಾರಿ ಇದೆ. ರಾತ್ರಿ ಮಲಗುವ ಮುಂಚೆ ಅರ್ಧ ಲೀಟರ್ ಬಾಟಲಿಯ ತಣ್ಣೀರಿಗೆ 40 ಗ್ರಾಂ ತರಿ ಪುಡಿ ಹಾಕಿ, ಕುಲುಕಿ ಇಟ್ಟುಬಿಡಿ. ಹತ್ತು ಹನ್ನೆರಡು ಗಂಟೆ ನೆನೆಯಲಿ. ಬೆಳಗ್ಗೆ ಅದೇ ಬಟ್ಟೆಯಲ್ಲಿ ಸೋಸಿದರೆ ಆಯಿತು. ಕಹಿ, ಹುಳಿ ಎರಡೂ ಕಡಿಮೆ. ಗುಡ್ಡ ಹತ್ತಿ ಬೆವತಾಗ ಬಿಸಿ ಕಾಫಿಗಿಂತ ಇದೇ ಚೆನ್ನ. ತಣ್ಣನೆ ಕಾಫಿಯಲ್ಲಿ ಬೆಲ್ಲ ಬೇಗ ಕರಗುವುದಿಲ್ಲ. ಒಂದು ತುಂಡು ಬಾಯಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯಿರಿ.